ಅಪಾಯದಲ್ಲಿರುವ ವಿದ್ವಾಂಸರು, ಕಲಾವಿದರು, ಪತ್ರಕರ್ತರಿಗೆ ಆಸರೆಯ ಫೆಲೋಶಿಪ್: ಕಾಗದ ಕೂಡಿಡುವುದರಿಂದ ಹೊಸ ಊರು ಸೇರುವವರೆಗೆ

2021ರ ಆಗಸ್ಟ್ ಕೊನೆಯಲ್ಲಿ, ತಾಲಿಬಾನ್ ಕೈಗೆ ಹೋಗಿದ್ದ ಕಾಬೂಲಿನ ಒಬ್ಬ ಉಪನ್ಯಾಸಕಿ ನನಗೆ ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದರು. ಮೂರೂ ಒಂದೇ ಪದವಿ ಪತ್ರದ್ದು. ಕೆಂಪು ಜಮಖಾನದ ಮೇಲೆ ಹಾಸಿ, ರಾತ್ರಿ ಬಲ್ಬಿನ ಬೆಳಕಿನಲ್ಲಿ ತೆಗೆದದ್ದು. ಒಂದರಲ್ಲಿ ಹೆಬ್ಬೆರಳು ಅಡ್ಡ ಬಂದಿತ್ತು. ಇನ್ನೊಂದರಲ್ಲಿ ಮೊಹರು ಮಸುಕಾಗಿತ್ತು. ಮೂರನೆಯದು ಪರವಾಗಿಲ್ಲ ಅನ್ನುವಂತಿತ್ತು. ಉಳಿದ ಕಾಗದಗಳನ್ನೆಲ್ಲ ಮನೆಯವರು ಹೆದರಿ ಒಲೆಗೆ ಹಾಕಿಬಿಟ್ಟಿದ್ದರು. ಅವರ ಅರ್ಜಿ ಮುಗಿಸಲು ನಮಗೆ ಒಂಬತ್ತು ವಾರ ಹಿಡಿಯಿತು. ಅದರಲ್ಲಿ ಏಳು ವಾರ ಹೋದದ್ದು ಕಾಗದ ಹುಡುಕುವುದರಲ್ಲೇ.

ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತೇನೆ. ಆ ಏಳು ವಾರದ ನಂತರ ಇಂಥ ಅರ್ಜಿಗಳ ಜೊತೆ ಕೂರುವುದು ನನಗೆ ಅಭ್ಯಾಸವಾಗಿದೆ. ಇದನ್ನು ಇಬ್ಬರಿಗಾಗಿ ಬರೆಯುತ್ತಿದ್ದೇನೆ. ಒಬ್ಬರು, ಬರೆದದ್ದಕ್ಕೋ ಹೇಳಿದ್ದಕ್ಕೋ ಅಪಾಯಕ್ಕೆ ಸಿಕ್ಕಿದವರು. ಇನ್ನೊಬ್ಬರು, ಹೊರದೇಶದ ವಿಶ್ವವಿದ್ಯಾಲಯದಲ್ಲೋ ಕಲಾಸಂಸ್ಥೆಯಲ್ಲೋ ಇರುವ ಕನ್ನಡಿಗರು. "ನಮ್ಮಲ್ಲಿಗೆ ಬನ್ನಿ" ಎಂದು ಹೇಳುವ ಅಧಿಕಾರ ಇರುವವರು.

ಇದು ಯಾವುದೋ ದೂರದ ದೇಶದ ಮಾತು ಅನ್ನಿಸಬಹುದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಕೊಂದರು. ಒಬ್ಬರು ವಿದ್ವಾಂಸರು, ಒಬ್ಬರು ಪತ್ರಕರ್ತೆ. ಅಪಾಯ ಎಂದರೆ ಏನು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಈ ಫೆಲೋಶಿಪ್ ಅಂದರೆ ಏನು

ಅಪಾಯದಲ್ಲಿರುವವರನ್ನು ಸುರಕ್ಷಿತ ಊರಿಗೆ ಕರೆಸಿಕೊಂಡು, ಅವರ ಕೆಲಸವನ್ನೇ ಅಲ್ಲಿ ಮುಂದುವರಿಸಲು ಕೊಡುವ ಅವಕಾಶ ಇದು. ಪ್ರೊಫೆಸರ್ ಸಂಶೋಧನೆ ಮಾಡುತ್ತಾರೆ, ಪಾಠ ಮಾಡುತ್ತಾರೆ. ಕವಿ ಬರೆಯುತ್ತಾರೆ. ಪತ್ರಕರ್ತರು ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ವರದಿಗೆ ಕೂರುತ್ತಾರೆ. ತಿಂಗಳ ಖರ್ಚಿಗೆ ಹಣ, ಆರೋಗ್ಯ ವಿಮೆ, ವೀಸಾಗೆ ಬೇಕಾದ ಪತ್ರ, ಕೆಲವು ಕಡೆ ಮನೆಯೂ ಸಿಗುತ್ತದೆ. ಅವಧಿ ಸಾಮಾನ್ಯವಾಗಿ ಮೂರು ತಿಂಗಳಿಂದ ಎರಡು ವರ್ಷ.

ಇದೆಲ್ಲ ಶುರುವಾದದ್ದು 1933ರಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯತೊಡಗಿದರು. ಆಗ ಲಂಡನ್ನಿನಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಮುಂದಾಗಿ ನಿಂತು ಒಂದು ಸಮಿತಿ ಕಟ್ಟಿದರು. ಅದೇ ಇವತ್ತಿನ ಕಾರಾ (ಕೌನ್ಸಿಲ್ ಫಾರ್ ಅಟ್-ರಿಸ್ಕ್ ಅಕಾಡೆಮಿಕ್ಸ್). ನ್ಯೂಯಾರ್ಕಿನ ನ್ಯೂ ಸ್ಕೂಲ್ ಅದೇ ವರ್ಷ 'ಯೂನಿವರ್ಸಿಟಿ ಇನ್ ಎಕ್ಸೈಲ್' ತೆರೆಯಿತು. ಫಿಲಿಪ್ ಶ್ವಾರ್ಟ್ಸ್ ಎಂಬ ರೋಗಶಾಸ್ತ್ರಜ್ಞರು ಫ್ರಾಂಕ್‌ಫರ್ಟಿನಲ್ಲಿ ಕೆಲಸ ಕಳೆದುಕೊಂಡು ಜ್ಯೂರಿಕ್‌ಗೆ ಓಡಿದರು. ಅಲ್ಲಿ ತಮ್ಮಂಥವರಿಗಾಗಿ ಒಂದು ಸಂಘ ಕಟ್ಟಿ, ಅನೇಕರಿಗೆ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಕೊಡಿಸಿದರು. ಅವರನ್ನು ಓಡಿಸಿದ ಜರ್ಮನಿಯೇ ಇವತ್ತು ಅವರ ಹೆಸರಿನಲ್ಲಿ ಫೆಲೋಶಿಪ್ ಕೊಡುತ್ತಿದೆ.

ಒಂದು ಗೊಂದಲವನ್ನು ಈಗಲೇ ಬಿಡಿಸಿಕೊಳ್ಳೋಣ. ಫೆಲೋಶಿಪ್ ಬೇರೆ, ರಾಜಕೀಯ ಆಶ್ರಯ ಬೇರೆ. ಫೆಲೋಶಿಪ್‌ನಲ್ಲಿ ಬರುವವರು ಕೆಲಸದ ಮೇಲೆ, ಇಷ್ಟು ಅವಧಿಗೆ ಅಂತ ವೀಸಾ ಹಿಡಿದು ಬರುತ್ತಾರೆ. ಆಶ್ರಯ ಅನ್ನುವುದು ಆ ದೇಶದ ಸರ್ಕಾರ ಕಾನೂನಿನಂತೆ ಕೊಡುವ ರಕ್ಷಣೆ. ಎರಡರ ನಿಯಮಗಳೂ ಬೇರೆ. ಒಂದರ ಅರ್ಜಿ ಇನ್ನೊಂದಕ್ಕೆ ತೊಡಕಾಗುವುದೂ ಉಂಟು. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಆಶ್ರಯದ ಕಾಗದಕ್ಕೆ ಸಹಿ ಹಾಕಬೇಡಿ.

ಯಾವ ಬಾಗಿಲು ತಟ್ಟಬೇಕು

ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಅಥವಾ ಸಂಶೋಧನೆ ಮಾಡಿದವರಿಗೆ ನಾಲ್ಕೈದು ದೊಡ್ಡ ಬಾಗಿಲುಗಳಿವೆ.

ಸ್ಕಾಲರ್ಸ್ ಅಟ್ ರಿಸ್ಕ್ 1999ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಈಗ ನ್ಯೂಯಾರ್ಕಿನಲ್ಲಿದೆ. ಇದು ನೇರವಾಗಿ ಹಣ ಕೊಡುವ ಸಂಸ್ಥೆಯಲ್ಲ. ಹಲವಾರು ದೇಶಗಳ ನೂರಾರು ವಿಶ್ವವಿದ್ಯಾಲಯಗಳು ಇದರ ಸದಸ್ಯರು. ನಿಮ್ಮ ಅರ್ಜಿ ನೋಡಿ, ಅಪಾಯ ನಿಜ ಎಂದು ಖಾತ್ರಿ ಮಾಡಿಕೊಂಡು, ನಿಮಗೆ ಹೊಂದುವ ಜಾಗ ಹುಡುಕಲು ನೆರವಾಗುತ್ತದೆ. ಇವರು ಅಪಾಯದ ಬಗ್ಗೆ ಕೊಡುವ ಅಭಿಪ್ರಾಯಕ್ಕೆ ಬೇರೆ ಕಡೆಯೂ ಬೆಲೆ ಇದೆ. ಹಾಗಾಗಿ ಎಲ್ಲಿಗೆ ಹೋಗುವ ಮನಸ್ಸಿದ್ದರೂ ಇಲ್ಲೊಂದು ಅರ್ಜಿ ಹಾಕಿಡುವುದು ಒಳ್ಳೆಯದು.

ನ್ಯೂಯಾರ್ಕಿನದೇ ಇನ್ನೊಂದು ಸಂಸ್ಥೆ ಐಐಇ (ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಶನ್). ಅದರ ಸ್ಕಾಲರ್ ರೆಸ್ಕ್ಯೂ ಫಂಡ್ 2002ರಿಂದ ನಡೆಯುತ್ತಿದೆ. ಇವರು ಹಣವನ್ನೇ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವರ್ಷಕ್ಕೆ, 25,000 ಡಾಲರ್‌ವರೆಗೆ. ಕರೆಸಿಕೊಳ್ಳುವ ವಿಶ್ವವಿದ್ಯಾಲಯವೂ ತನ್ನ ಪಾಲು ಹಾಕಬೇಕು. ಇಲ್ಲಿ ಒಂದು ವಿಷಯ ನೆನಪಿಡಿ. ಫೆಲೋಶಿಪ್ ಅಂದರೆ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಬೇರೆ ಸುರಕ್ಷಿತ ದೇಶದ ವಿಶ್ವವಿದ್ಯಾಲಯವೂ ಆಗಬಹುದು.

ಬ್ರಿಟನ್ನಿಗೆ ಕಾರಾ ಇದೆ. ಅವರ ಜೊತೆ ಕೈಜೋಡಿಸಿದ ವಿಶ್ವವಿದ್ಯಾಲಯಗಳಲ್ಲಿ ಜಾಗ ಕೊಡಿಸುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರಬೇಕು. ಜರ್ಮನಿಯಲ್ಲಿ ಸಂಶೋಧಕರಿಗೆ ನೆರವಾಗುವ ಹುಂಬೋಲ್ಟ್ ಫೌಂಡೇಶನ್ 2015ರಲ್ಲಿ, ಅಲ್ಲಿನ ವಿದೇಶಾಂಗ ಇಲಾಖೆಯ ಜೊತೆ ಸೇರಿ ಫಿಲಿಪ್ ಶ್ವಾರ್ಟ್ಸ್ ಇನಿಶಿಯೇಟಿವ್ ಶುರು ಮಾಡಿತು. ಫ್ರಾನ್ಸ್‌ನಲ್ಲಿ ಪೋಸ್ (PAUSE) ಎಂಬ ಯೋಜನೆ 2017ರಿಂದ ಇದೆ. ಅದು ವಿಜ್ಞಾನಿಗಳಿಗೂ ಕಲಾವಿದರಿಗೂ ತೆರೆದಿದೆ.

ಈ ಕೊನೆಯ ಎರಡರಲ್ಲಿ ತುಂಬ ಜನ ಎಡವುತ್ತಾರೆ. ಇವುಗಳಿಗೆ ನೀವು ಅರ್ಜಿ ಹಾಕುವಂತಿಲ್ಲ! ನಿಮ್ಮನ್ನು ಕರೆಸಿಕೊಳ್ಳಲು ಬಯಸುವ ಸಂಸ್ಥೆಯೇ ನಿಮ್ಮ ಪರವಾಗಿ ಹಾಕಬೇಕು. ಅಂದರೆ ಒಳಗೆ ನಿಮ್ಮವರು ಅಂತ ಒಬ್ಬರು ಇರಲೇಬೇಕು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯ ಅದೇ.

ಪಿಎಚ್‌ಡಿ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಇವುಗಳಲ್ಲಿ ಹೆಚ್ಚಿನವು ಪಿಎಚ್‌ಡಿಯನ್ನೋ ಆ ವಿಷಯದ ಅತಿ ದೊಡ್ಡ ಪದವಿಯನ್ನೋ ಕೇಳುತ್ತವೆ. ನಮ್ಮ ಕಾಬೂಲಿನ ಉಪನ್ಯಾಸಕಿಗೆ ಎಂಎ ಮಾತ್ರ ಇತ್ತು. ಹನ್ನೊಂದು ವರ್ಷ ಪಾಠ ಮಾಡಿದ್ದರೂ ಶ್ವಾರ್ಟ್ಸ್ ಬಾಗಿಲು ತೆರೆಯಲಿಲ್ಲ. ಕೊನೆಗೆ ಅವರು ಪಿಎಚ್‌ಡಿ ವಿದ್ಯಾರ್ಥಿನಿಯಾಗಿ ಬಂದರು. ಅಪಾಯದಲ್ಲಿರುವ ವಿದ್ಯಾರ್ಥಿಗಳಿಗೆಂದೇ ಜರ್ಮನಿಯ ವಿದ್ಯಾರ್ಥಿ-ವಿದ್ವಾಂಸರ ವಿನಿಮಯ ಸಂಸ್ಥೆ ಡಿಎಎಡಿ 2021ರಲ್ಲಿ ತೆರೆದ ಹಿಲ್ಡೆ ಡೊಮಿನ್ ಯೋಜನೆ ಅದಕ್ಕೆ ದಾರಿಯಾಯಿತು. ಅಲ್ಲಿಯೂ ಒಂದು ಸಂಸ್ಥೆಯೇ ನಿಮ್ಮ ಹೆಸರು ಸೂಚಿಸಬೇಕು. ನಾರ್ವೆಯಲ್ಲಿ ವಿದ್ಯಾರ್ಥಿ ಹೋರಾಟಗಾರರಿಗೆ ಸ್ಟೂಡೆಂಟ್ಸ್ ಅಟ್ ರಿಸ್ಕ್ ಎಂಬ ಯೋಜನೆ ಇದೆ.

ಲೇಖಕರು ಮತ್ತು ಕಲಾವಿದರು ಮೊದಲು ನೋಡಬೇಕಾದದ್ದು ಐಕಾರ್ನ್ (ICORN) ಎಂಬ ನಗರಗಳ ಜಾಲ. ನಾರ್ವೆಯ ಸ್ಟವಾಂಗರ್ ಊರಿನಲ್ಲಿ ಇದರ ಕಚೇರಿ. ಇದರ ಹಿಂದೆ ಒಂದು ಕತೆ ಇದೆ. ಕಾದಂಬರಿಕಾರ ಸಲ್ಮಾನ್ ರಶ್ದಿ ಮೇಲೆ ಫತ್ವಾ ಬಂದ ಮೇಲೆ, 1993ರಲ್ಲಿ ಅಲ್ಜೀರಿಯಾದಲ್ಲಿ ಲೇಖಕ ತಾಹರ್ ಜಾವುತ್ ಕೊಲೆಯಾದ ಮೇಲೆ, ಲೇಖಕರೆಲ್ಲ ಸೇರಿ ಊರುಗಳನ್ನೇ ಕೇಳಿಕೊಂಡರು: ನೀವೊಬ್ಬ ಲೇಖಕನಿಗೆ ಮನೆ ಕೊಡಿ ಅಂತ. ಐಕಾರ್ನ್ ಅದರ ಮುಂದುವರಿಕೆ. ಇಲ್ಲಿ ಆತಿಥ್ಯ ಕೊಡುವುದು ವಿಶ್ವವಿದ್ಯಾಲಯವಲ್ಲ, ಒಂದು ನಗರ. ಸಾಮಾನ್ಯವಾಗಿ ಎರಡು ವರ್ಷ. ಅರ್ಜಿಯನ್ನು ಲೇಖಕರ ಅಂತಾರಾಷ್ಟ್ರೀಯ ಸಂಘವಾದ ಪೆನ್ ಇಂಟರ್‌ನ್ಯಾಷನಲ್ ಜೊತೆ ಸೇರಿ ಪರಿಶೀಲಿಸುತ್ತಾರೆ. ಢಾಕಾದ ಪ್ರಕಾಶಕ ಅಹ್ಮದುರ್ ರಶೀದ್ ಟುಟುಲ್ ಮೇಲೆ 2015ರ ಅಕ್ಟೋಬರ್ 31ರಂದು ಅವರ ಕಚೇರಿಗೇ ನುಗ್ಗಿ ಮಚ್ಚಿನಿಂದ ಹೊಡೆದರು. ಬದುಕಿ ಉಳಿದ ಅವರಿಗೆ ನಾರ್ವೆಯ ಷೀನ್ ಊರು ಮನೆ ಕೊಟ್ಟಿದ್ದು ಐಕಾರ್ನ್ ಮೂಲಕವೇ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಸಿಟಿ ಆಫ್ ಅಸೈಲಂ ಇದೆ. 2004ರಲ್ಲಿ ಅಲ್ಲಿಗೆ ಮೊದಲು ಬಂದವರು ಚೀನಾದ ಕವಿ ಹ್ವಾಂಗ್ ಶಿಯಾಂಗ್. ತಮಗೆ ಕೊಟ್ಟ ಮನೆಯ ಹೊರಗೋಡೆಯ ತುಂಬ ತಮ್ಮ ಪದ್ಯಗಳನ್ನು ಚೀನೀ ಅಕ್ಷರದಲ್ಲಿ ಬರೆದರು. ಊರಿನಲ್ಲಿ ಬರೆದದ್ದಕ್ಕೆ ಜೈಲು ಕಂಡವರು ಅವರು. ಇಲ್ಲಿ ಬೀದಿಗೇ ಕಾಣುವಂತೆ ಬರೆದರು. ನನಗೆ ಈ ಎಲ್ಲ ಯೋಜನೆಗಳ ಅರ್ಥ ಆ ಗೋಡೆಯಲ್ಲಿ ಕಾಣುತ್ತದೆ.

ಚಿತ್ರ, ಸಂಗೀತ, ರಂಗಭೂಮಿಯವರಿಗೆ ಐಐಇಯದ್ದೇ ಆರ್ಟಿಸ್ಟ್ ಪ್ರೊಟೆಕ್ಷನ್ ಫಂಡ್, ಜರ್ಮನಿಯ ಮಾರ್ಟಿನ್ ರೋಥ್ ಇನಿಶಿಯೇಟಿವ್, ಹೆಲ್ಸಿಂಕಿಯ ಆರ್ಟಿಸ್ಟ್ಸ್ ಅಟ್ ರಿಸ್ಕ್ ಇವೆ. ಎಲ್ಲಿ ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಆರ್ಟಿಸ್ಟ್ಸ್ ಅಟ್ ರಿಸ್ಕ್ ಕನೆಕ್ಷನ್‌ಗೆ ಬರೆಯಿರಿ. ಸರಿಯಾದ ಬಾಗಿಲು ತೋರಿಸುವುದೇ ಅವರ ಕೆಲಸ.

ಪತ್ರಕರ್ತರಿಗೆ ಹೆಚ್ಚಾಗಿ ಕಡಿಮೆ ಅವಧಿಯ ಆಸರೆಗಳಿವೆ. ಲೈಪ್‌ಜಿಗ್‌ನಲ್ಲಿರುವ ಯುರೋಪಿನ ಪತ್ರಿಕಾ ಸ್ವಾತಂತ್ರ್ಯ ಕೇಂದ್ರ ಕೆಲವು ತಿಂಗಳ ವಾಸಕ್ಕೆ ಕರೆಯುತ್ತದೆ. ಹ್ಯಾಂಬರ್ಗಿನಲ್ಲಿ ರಾಜಕೀಯ ಕಾರಣಕ್ಕೆ ಕಿರುಕುಳ ಅನುಭವಿಸಿದವರಿಗೆಂದು 1986ರಿಂದ ಒಂದು ಪ್ರತಿಷ್ಠಾನ ಇದೆ. ಒಂದು ವರ್ಷ ಇಟ್ಟುಕೊಳ್ಳುತ್ತದೆ. ನೆದರ್‌ಲೆಂಡ್ಸ್‌ನ ಶೆಲ್ಟರ್ ಸಿಟಿ ಮೂರು ತಿಂಗಳದ್ದು. ಮಾನವ ಹಕ್ಕು ಕೆಲಸ ಮಾಡುವ ಯಾರಿಗಾದರೂ ತೆರೆದಿದೆ. ಮೂರು ತಿಂಗಳು ಏನು ಮಹಾ ಅನ್ನಿಸಬಹುದು. ಆದರೆ ವಾಪಸ್ ಹೋಗಿ ಕೆಲಸ ಮುಂದುವರಿಸುವ ಮನಸ್ಸಿರುವವರಿಗೆ ಇದೇ ಸರಿ. ಎಲ್ಲರಿಗೂ ಊರು ಬಿಡುವುದು ಬೇಕಾಗಿರುವುದಿಲ್ಲ.

ಯಾವ ಬಾಗಿಲೇ ಇರಲಿ, ಅರ್ಜಿಗೆ ಈಗ ಸಮಯ ಇದೆಯಾ ಅಂತ ಆ ಸಂಸ್ಥೆಯ ಜಾಲತಾಣದಲ್ಲೇ ನೋಡಿ. ಕೊಡುವ ಹಣ, ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇವುಗಳಲ್ಲಿ ಯಾವುದೂ ಅರ್ಜಿಗೆ ದುಡ್ಡು ಕೇಳುವುದಿಲ್ಲ. "ಫೆಲೋಶಿಪ್ ಕೊಡಿಸುತ್ತೇನೆ, ಇಷ್ಟು ಕಟ್ಟಿ" ಎಂದವರು ಮೋಸಗಾರರು. ಹೆದರಿದವರನ್ನು ಹುಡುಕಿಕೊಂಡು ಬರುವ ಮೋಸ ಅದು.

ಇವತ್ತೇ ಅಪಾಯ ಇದ್ದರೆ

ಫೆಲೋಶಿಪ್ ನಿಧಾನದ ದಾರಿ. ಅರ್ಜಿ ಹಾಕಿ ವಿಮಾನ ಹತ್ತುವವರೆಗೆ ಆರು ತಿಂಗಳು, ವರ್ಷ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ. ಈ ವಾರ ಮನೆ ಬಿಡಬೇಕಾದ ಸ್ಥಿತಿ ಇದ್ದರೆ ಮೊದಲು ತುರ್ತು ನೆರವು ಕೇಳಿ. ಡಬ್ಲಿನ್ನಿನ ಫ್ರಂಟ್ ಲೈನ್ ಡಿಫೆಂಡರ್ಸ್‌ಗೆ ದಿನದ 24 ಗಂಟೆಯೂ ಫೋನ್ ಮಾಡಬಹುದು. ಊರು ಬದಲಿಸಲು, ಬಾಗಿಲಿಗೆ ಭದ್ರ ಬೀಗ ಮತ್ತು ಕ್ಯಾಮೆರಾ ಹಾಕಿಸಲು, ವಕೀಲರಿಗೆ ಕೊಡಲು ಸಣ್ಣ ಮೊತ್ತ ಕೊಡುತ್ತಾರೆ. ಪತ್ರಕರ್ತರಾದರೆ ಸಿಪಿಜೆ (ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್) ಮತ್ತು ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಇವೆ. ಸ್ವತಂತ್ರವಾಗಿ ಕೆಲಸ ಮಾಡುವವರಾದರೆ ರೋರಿ ಪೆಕ್ ಟ್ರಸ್ಟ್ ಇದೆ. ಕೇಸು ಬಿದ್ದಿದ್ದರೆ ವಕೀಲರ ಖರ್ಚಿಗೆ ಮೀಡಿಯಾ ಡಿಫೆನ್ಸ್.

ಹೊರದೇಶಕ್ಕೇ ಹೋಗಬೇಕೆಂದಿಲ್ಲ. ಬೇರೆ ಜಿಲ್ಲೆಯ ನೆಂಟರ ಮನೆಯಲ್ಲಿ ಎರಡು ತಿಂಗಳು ಇರುವುದೂ ಒಂದು ದಾರಿ. ಆ ಎರಡು ತಿಂಗಳಲ್ಲಿ ಅರ್ಜಿಯ ಕೆಲಸ ಆಗುತ್ತದೆ.

ಕಾಗದ ಕೂಡಿಡುವುದು

ಇದನ್ನು ಅಪಾಯ ಬರುವ ಮೊದಲೇ ಮಾಡಿ. ಇದೊಂದು ಮಾತು ನೀವು ಕೇಳಿದರೂ ನಾನು ಬರೆದದ್ದು ಸಾರ್ಥಕ.

ಪಾಸ್‌ಪೋರ್ಟ್ ಮೊದಲು. ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಇದ್ದರೆ ಮುಗಿಯುವ ತಾರೀಖು ನೋಡಿ. ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ನವೀಕರಿಸಿ. ಹೆಂಡತಿ, ಗಂಡ, ಮಕ್ಕಳದ್ದೂ ಮಾಡಿಸಿ. ಕೇಸು ದಾಖಲಾದ ಮೇಲೆ ಪಾಸ್‌ಪೋರ್ಟ್ ಕೆಲಸ ಕಷ್ಟವಾಗುತ್ತದೆ.

ನಂತರ ಪದವಿ ಪತ್ರ, ಅಂಕಪಟ್ಟಿ, ನೇಮಕಾತಿ ಆದೇಶ, ಅನುಭವ ಪತ್ರ, ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ. ಫೋನಿನಲ್ಲಿ ಸ್ಕ್ಯಾನ್ ಆ್ಯಪ್ ಹಾಕಿಕೊಂಡು, ಹಗಲಲ್ಲಿ, ಕಿಟಕಿ ಹತ್ತಿರ, ಬಿಳಿ ಹಾಳೆಯ ಮೇಲಿಟ್ಟು ತೆಗೆಯಿರಿ. ನಾಲ್ಕೂ ಮೂಲೆ ಕಾಣಬೇಕು. ಮೊಹರು ಓದುವಂತಿರಬೇಕು. ಹಿಂಬದಿಯನ್ನೂ ತೆಗೆಯಿರಿ. ಬಿಡಿ ಫೋಟೋ ಬೇಡ, ಪಿಡಿಎಫ್ ಮಾಡಿ. ಫೈಲಿಗೆ ಅರ್ಥವಾಗುವ ಹೆಸರು ಕೊಡಿ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಕ್ಲೌಡ್‌ನಲ್ಲಿ, ಒಂದು ಬೇರೆ ಊರಿನ ನಂಬಿಕಸ್ಥರ ಬಳಿ. ಎಷ್ಟೋ ದೇಶಗಳಲ್ಲಿ ಪದವಿ ಪತ್ರಗಳಿಗೆ ಅಪೋಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಸರ್ಕಾರ ಕೊಡುವ ದೃಢೀಕರಣ, ಕೇಳುತ್ತಾರೆ. ಭಾರತದಲ್ಲಿ ವಿದೇಶಾಂಗ ಸಚಿವಾಲಯ ಇದನ್ನು ಮಾಡಿಕೊಡುತ್ತದೆ. ಅದಕ್ಕೂ ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಣ ಆಗಬೇಕು. ಹಾಗಾಗಿ ಸಮಯ ಬೇಕು.

ನಮ್ಮವರಿಗೆ ಮಾತ್ರ ಇರುವ ಒಂದು ತೊಂದರೆ ಹೇಳಬೇಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಕೆ. ಎಸ್.' ಎಂದು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಪೂರ್ತಿ. ಪ್ರಕಟವಾದ ಲೇಖನದಲ್ಲಿ ಕಾವ್ಯನಾಮ. ಜರ್ಮನಿಯ ಅಧಿಕಾರಿ ಇದನ್ನು ನೋಡಿ ಮೂರು ಬೇರೆ ಬೇರೆ ಜನ ಅಂದುಕೊಳ್ಳುತ್ತಾರೆ. ನೋಟರಿ ಹತ್ತಿರ ಹೋಗಿ, 'ಈ ಮೂರೂ ಹೆಸರಿನ ವ್ಯಕ್ತಿ ನಾನೊಬ್ಬನೇ' ಎಂಬ ಅಫಿಡವಿಟ್ ಮಾಡಿಸಿ ಫೈಲಿನ ಮೊದಲ ಪುಟದಲ್ಲೇ ಇಡಿ. ಇನಿಶಿಯಲ್ ಅಂದರೆ ಏನು ಅಂತ ವಿವರಿಸುವ ಎರಡು ಸಾಲು ನಾನು ಪ್ರತಿ ಅರ್ಜಿಗೂ ಸೇರಿಸುತ್ತೇನೆ.

ಅಪಾಯಕ್ಕೆ ಸಾಕ್ಷಿ

ನೀವು ಹೇಳುವುದು ನಿಜ ಎಂದು ಅರ್ಜಿ ಓದುವವರಿಗೆ ಅನ್ನಿಸಿದರೆ ಸಾಲದು. ಅವರು ತಮ್ಮ ಸಮಿತಿಗೆ ತೋರಿಸಬೇಕು. ತೋರಿಸಲು ಅವರ ಕೈಗೆ ಏನಾದರೂ ಕೊಡಿ.

ಒಂದು ನೋಟ್‌ಬುಕ್ ಇಡಿ. ಇಲ್ಲವೇ ಪಾಸ್‌ವರ್ಡ್ ಹಾಕಿದ ಫೈಲು. ಏನಾದರೂ ಆದ ದಿನವೇ ಬರೆಯಿರಿ: ತಾರೀಖು, ಗಂಟೆ, ಜಾಗ, ಯಾರು, ಏನಂದರು, ನೋಡಿದವರು ಯಾರು. ಬೆದರಿಕೆ ಮೆಸೇಜ್ ಬಂದರೆ ಸಿಟ್ಟಿನಲ್ಲೋ ಭಯದಲ್ಲೋ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ಹೆಸರು ಅಥವಾ ನಂಬರ್, ತಾರೀಖು, ವಿಳಾಸ ಕಾಣಬೇಕು. ಕಾಗದದ ಬೆದರಿಕೆ ಬಂದರೆ ಲಕೋಟೆಯನ್ನೂ ಇಡಿ. ಅಂಚೆ ಮುದ್ರೆ ಅದರ ಮೇಲೇ ಇರುತ್ತದೆ.

ಪೊಲೀಸ್ ದೂರು ಕೊಟ್ಟಿದ್ದರೆ ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ. ದೂರು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಅದನ್ನೂ ತಾರೀಖು ಹಾಕಿ ಬರೆದಿಡಿ. ಅದೂ ಸಾಕ್ಷಿಯೇ. ಅಮಾನತು ಆದೇಶ, ಸಮನ್ಸ್, ರದ್ದಾದ ಕಾರ್ಯಕ್ರಮದ ಪತ್ರ, ಪತ್ರಿಕೆ ವರದಿ, ಎಲ್ಲ ಸೇರಿಸಿ. ಕನ್ನಡದಲ್ಲಿ ಇರುವುದಕ್ಕೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ನೂರು ಸ್ಕ್ರೀನ್‌ಶಾಟ್ ಕಳಿಸಬೇಡಿ. ಗಟ್ಟಿಯಾದ ಎಂಟು ಹತ್ತು ಸಾಕು. ಮೇಲೆ ಒಂದು ಪುಟದ ಪಟ್ಟಿ ಇರಲಿ.

ಹೇಳಿಕೆ ಬರೆಯುವುದು

ಪ್ರತಿ ಅರ್ಜಿಯಲ್ಲೂ ನಿಮ್ಮ ಸ್ಥಿತಿ ವಿವರಿಸುವ ಒಂದೆರಡು ಪುಟ ಇರುತ್ತದೆ. ನಮ್ಮವರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಕೆಲವರು ಸಂಕೋಚದಿಂದ ಏನೂ ಹೇಳುವುದಿಲ್ಲ. ಕೆಲವರು ದೇಶದ ರಾಜಕೀಯದ ಬಗ್ಗೆ ಭಾಷಣ ಬರೆಯುತ್ತಾರೆ.

ಒಬ್ಬರು ಹೀಗೆ ಬರೆದಿದ್ದರು: "ಸತ್ಯ ಹೇಳಿದ್ದಕ್ಕಾಗಿ ನನ್ನ ಜೀವಕ್ಕೆ ಸದಾ ಅಪಾಯವಿದೆ." ನಾವು ಮೂರು ಸಂಜೆ ಕೂತೆವು. ನಾನು ಕೇಳುತ್ತಾ ಹೋದೆ. ಯಾವಾಗ? ಯಾರು? ಆಮೇಲೆ ಏನಾಯಿತು? ಕೊನೆಗೆ ಹೀಗಾಯಿತು: "ಮಾರ್ಚ್ 14ರ ರಾತ್ರಿ ಹತ್ತು ಗಂಟೆಗೆ ಇಬ್ಬರು ಮನೆಗೆ ಬಂದು ನನ್ನ ಲೇಖನದ ಜೆರಾಕ್ಸ್ ತೋರಿಸಿದರು. ಮಗಳು ಓದುವ ಶಾಲೆಯ ಹೆಸರು ಹೇಳಿದರು. ಮರುದಿನದಿಂದ ಅವಳು ಶಾಲೆಗೆ ಹೋಗಿಲ್ಲ." ಎರಡನೆಯದರಲ್ಲಿ 'ಅಪಾಯ' ಎಂಬ ಪದವೇ ಇಲ್ಲ. ಆದರೆ ಓದಿದವರಿಗೆ ಮೈ ನಡುಗುತ್ತದೆ.

ಆ ಮೂರು ಸಂಜೆ ಅವರಿಗೆ ಸುಲಭವಾಗಿರಲಿಲ್ಲ. ಮಗಳ ಶಾಲೆಯ ಮಾತು ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದರು. ನೀವು ಯಾರಿಗಾದರೂ ಸಹಾಯ ಮಾಡುತ್ತಿದ್ದರೆ ಒಂದೇ ಸಲಕ್ಕೆ ಎಲ್ಲ ಕೇಳಬೇಡಿ. ಪಕ್ಕದಲ್ಲಿ ಚಹಾ ಇರಲಿ. ನಿಲ್ಲಿಸೋಣ ಅಂದರೆ ನಿಲ್ಲಿಸಿ.

ಬರೆಯುವಾಗ ನಡೆದ ಕ್ರಮದಲ್ಲೇ ಬರೆಯಿರಿ. ಮೊದಲು ನಿಮ್ಮ ಕೆಲಸ ಏನು, ಆ ಕೆಲಸದಿಂದ ಬೆದರಿಕೆ ಹೇಗೆ ಬಂತು, ಈಗ ಸ್ಥಿತಿ ಏನು, ಅಲ್ಲಿಗೆ ಹೋದರೆ ಏನು ಮಾಡುತ್ತೀರಿ. ಕೊನೆಯದನ್ನು ತುಂಬ ಜನ ಮರೆಯುತ್ತಾರೆ. ಇದು ಕೆಲಸ ಮುಂದುವರಿಸಲು ಕೊಡುವ ಜಾಗ. ಅರ್ಧ ಬರೆದ ಪುಸ್ತಕ, ನಿಂತುಹೋದ ಸಂಶೋಧನೆ, ತೆಗೆಯಬೇಕೆಂದಿರುವ ಸಾಕ್ಷ್ಯಚಿತ್ರ, ಅದರ ಬಗ್ಗೆ ಉತ್ಸಾಹದಿಂದ ಬರೆಯಿರಿ. ಬಾರದ ಭಾಷೆಯನ್ನು ಬರುತ್ತದೆ ಎನ್ನಬೇಡಿ. ಸಣ್ಣ ಸುಳ್ಳು ಸಿಕ್ಕಿಬಿದ್ದರೂ ದೊಡ್ಡ ಸತ್ಯವನ್ನು ಯಾರೂ ನಂಬುವುದಿಲ್ಲ.

ಶಿಫಾರಸು ಪತ್ರಕ್ಕೆ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರು ಬರೆಯಲಿ. ಪತ್ರ ಬರೆದದ್ದಕ್ಕೆ ಅವರಿಗೂ ತೊಂದರೆ ಆಗಬಹುದಾ ಅಂತ ಮೊದಲು ಯೋಚಿಸಿ.

ಒಳಗಿನಿಂದ ಕರೆಯುವವರು

1933ರಲ್ಲಿ ಜರ್ಮನಿಯ ಗಾಟಿಂಗೆನ್ನಿನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಕ್ವಾಂಟಂ ಭೌತವಿಜ್ಞಾನ ಕಟ್ಟಿದವರ ಸಾಲಿನಲ್ಲಿ ಬರುವವರು. ಆಗ ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬನ್ನಿ ಎಂದು ಬಾರ್ನ್‌ಗೆ ಪತ್ರ ಬರೆದರು. 1935-36ರಲ್ಲಿ ಬಾರ್ನ್ ಹೆಂಡತಿಯ ಜೊತೆ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಅವರಿಗೆ ಕಾಯಂ ಪ್ರೊಫೆಸರ್ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು. ಆದರೆ ಸಭೆಯಲ್ಲಿ, ಬಾರ್ನ್ ಎದುರಿಗೇ ಕೂತಿರುವಾಗ, ಸಹೋದ್ಯೋಗಿಯೊಬ್ಬರು ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎನ್ನುವ ಅರ್ಥದಲ್ಲಿ ಮಾತಾಡಿದರು. ಹುದ್ದೆ ಆಗಲಿಲ್ಲ. 1936ರಲ್ಲಿ ಎಡಿನ್‌ಬರೋ ಅವರನ್ನು ಕರೆಯಿತು. 1954ರಲ್ಲಿ ಅವರಿಗೆ ನೊಬೆಲ್ ಬಂತು.

ರಾಮನ್ ಒಬ್ಬರು ಬರೆದ ಪತ್ರದಿಂದ ಬಾರ್ನ್ ಬಂದರು. ಸಭೆಯ ಒಂದು ಮಾತಿನಿಂದ ಹೋದರು. ಇವತ್ತಿಗೂ ಇದು ಹೀಗೇ ನಡೆಯುತ್ತದೆ. ಅರ್ಜಿ ಎಷ್ಟೇ ಚೆನ್ನಾಗಿದ್ದರೂ, ಒಂದು ವಿಭಾಗದ ಒಳಗೆ ಒಬ್ಬರು ನಿಂತು 'ಇವರು ನಮಗೆ ಬೇಕು' ಎನ್ನಬೇಕು.

ಹಾಗಾದರೆ ಅವರನ್ನು ಹುಡುಕುವುದು ಹೇಗೆ? ನಿಮ್ಮ ವಿಷಯದಲ್ಲೇ ಕೆಲಸ ಮಾಡುವ ಹತ್ತು ಹದಿನೈದು ಜನರ ಪಟ್ಟಿ ಮಾಡಿ. ನಿಮ್ಮ ಲೇಖನ ಉಲ್ಲೇಖಿಸಿದವರು, ಸಮ್ಮೇಳನದಲ್ಲಿ ಕಂಡವರು, ನಿಮ್ಮ ಗೈಡ್ ಅವರ ಗೆಳೆಯರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ಎಲ್ಲರಿಗೂ ಒಂದೇ ಮೇಲ್ ಕಳಿಸಿದರೆ ಗೊತ್ತಾಗುತ್ತದೆ. ಚಿಕ್ಕದಾಗಿರಲಿ. ಸುಮಾರು ಹೀಗೆ:

"ನಾನು ಇಂಥ ವಿಷಯದಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಇಂಥ ಲೇಖನ ನನ್ನ ಕೆಲಸಕ್ಕೆ ಹತ್ತಿರದ್ದು. ನನ್ನ ಬರವಣಿಗೆಯಿಂದಾಗಿ ಈಗ ಇಲ್ಲಿ ಕೆಲಸ ಮುಂದುವರಿಸುವ ಸ್ಥಿತಿ ಇಲ್ಲ. ಅಪಾಯದಲ್ಲಿರುವ ಸಂಶೋಧಕರನ್ನು ಕರೆಸಿಕೊಳ್ಳಲು ನಿಮ್ಮ ವಿಶ್ವವಿದ್ಯಾಲಯ ಇಂಥ ಯೋಜನೆಗೆ ಅರ್ಜಿ ಹಾಕಬಹುದು. ನನ್ನ ಪರಿಚಯಪತ್ರ, ಎರಡು ಲೇಖನ ಜೊತೆಗಿವೆ. ಇದರ ಬಗ್ಗೆ ಮಾತಾಡಲು ಅರ್ಧ ಗಂಟೆ ಸಿಗಬಹುದೇ?"

ಮೊದಲ ಮೇಲ್‌ನಲ್ಲೇ ಪೂರ್ತಿ ಕಷ್ಟ ಹೇಳಬೇಡಿ. ಕೆಲಸ ಮೊದಲು ಬರಲಿ. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ. ನಾಚಿಕೆ ಬೇಡ.

ಹೊರದೇಶದಲ್ಲಿರುವ ಕನ್ನಡಿಗರೇ, ಇಂಥ ಮೇಲ್ ನಿಮಗೂ ಬರಬಹುದು. ನಿಮ್ಮದೇ ವಿಷಯ ಅಲ್ಲದಿದ್ದರೂ ಸುಮ್ನೆ ಬಿಡಬೇಡಿ. ನಿಮ್ಮ ವಿಶ್ವವಿದ್ಯಾಲಯ ಸ್ಕಾಲರ್ಸ್ ಅಟ್ ರಿಸ್ಕ್ ಸದಸ್ಯನಾ ಅಂತ ಅಂತಾರಾಷ್ಟ್ರೀಯ ಕಚೇರಿಯಲ್ಲಿ ಕೇಳಿ. ಸರಿಯಾದ ವಿಭಾಗಕ್ಕೆ ದಾಟಿಸಿ. "ಈಗ ಆಗುವುದಿಲ್ಲ" ಎಂಬ ಉತ್ತರವಾದರೂ ಬೇಗ ಕೊಡಿ. ಕಾಯುವವರ ದಿನ ನಮ್ಮ ದಿನಕ್ಕಿಂತ ಉದ್ದ.

ಫೋನು, ಮೇಲು

ಕಚೇರಿಯ ಮೇಲ್‌ನಿಂದ ಅರ್ಜಿ ಹಾಕಬೇಡಿ. ಹೊಸ ವಿಳಾಸ ತೆರೆಯಿರಿ, ಎರಡು ಹಂತದ ಲಾಗಿನ್ ಹಾಕಿ. ಮಾತಿಗೆ ಸಿಗ್ನಲ್ ಆ್ಯಪ್ ಬಳಸಿ, ಮೆಸೇಜ್ ತಾನಾಗಿ ಅಳಿಯುವಂತೆ ಇಡಿ. ಅಕೌಂಟ್ ಹ್ಯಾಕ್ ಆಗಿದೆ ಅನ್ನಿಸಿದರೆ ಆ್ಯಕ್ಸೆಸ್ ನೌ ಸಂಸ್ಥೆಯ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ನೆರವಾಗುತ್ತದೆ. ಊರಿನಲ್ಲಿ ಎಷ್ಟು ಜನರಿಗೆ ಹೇಳಬೇಕು? ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬೀಳ್ಕೊಡುಗೆ ಊಟ ಆಮೇಲೆ ಯಾವತ್ತಾದರೂ ಆಗಲಿ.

ವೀಸಾ

ಎಲ್ಲ ಸರಿಯಾಗಿ ಇಲ್ಲಿ ನಿಂತುಹೋಗುವವರನ್ನು ಕಂಡಿದ್ದೇನೆ. ಬಾಂಗ್ಲಾದ ಸಿಲ್ಹೆಟ್‌ನ ಬ್ಲಾಗರ್ ಅನಂತ ಬಿಜಯ್ ದಾಸ್ ಅವರನ್ನು 2015ರಲ್ಲಿ ಸ್ವೀಡನ್ನಿನ ಪೆನ್ ಸಂಘ ಮಾತಾಡಲು ಕರೆದಿತ್ತು. ರಾಯಭಾರ ಕಚೇರಿ ವೀಸಾ ಕೊಡಲಿಲ್ಲ. ಮೇ 12ರಂದು ಮನೆ ಹತ್ತಿರವೇ ಅವರನ್ನು ಕೊಂದರು.

ಆದ್ದರಿಂದ ಆಹ್ವಾನ ಪತ್ರ ಬಂದ ದಿನವೇ ವೀಸಾ ಅಪಾಯಿಂಟ್‌ಮೆಂಟ್ ಹುಡುಕಿ. ಕರೆಸುವ ಸಂಸ್ಥೆಯಿಂದಲೇ ರಾಯಭಾರ ಕಚೇರಿಗೆ ಪತ್ರ ಬರೆಸಿ. ಪತ್ರದಲ್ಲಿ ಸಂಬಳ, ಅವಧಿ, ವಾಸ, ವಿಮೆ ಎಲ್ಲ ಸ್ಪಷ್ಟವಾಗಿರಲಿ. ಮನೆಯವರ ಅರ್ಜಿಯನ್ನೂ ಜೊತೆಗೇ ಹಾಕಿ. ಆಮೇಲೆ ಕರೆಸಿಕೊಳ್ಳುತ್ತೇನೆ ಅಂದುಕೊಂಡು ಎರಡು ವರ್ಷ ಮಕ್ಕಳ ಮುಖ ನೋಡದವರಿದ್ದಾರೆ. ಅಮೆರಿಕದ ಜೆ-1 ವೀಸಾ (ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರದ್ದು) ಪಡೆದ ಕೆಲವರಿಗೆ, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಎಂಬ ಷರತ್ತು ಬೀಳುತ್ತದೆ. ನಿಮಗೆ ಬೀಳುತ್ತದಾ ಅಂತ ಹೊರಡುವ ಮೊದಲೇ ತಿಳಿದುಕೊಳ್ಳಿ.

ಉತ್ತರ 'ಇಲ್ಲ' ಅಂತ ಬಂದರೆ ಅದು ನಿಮ್ಮ ಕೆಲಸದ ಮೇಲಿನ ತೀರ್ಪಲ್ಲ. ಜಾಗ ಕಡಿಮೆ, ಕೇಳುವವರು ಜಾಸ್ತಿ. ಕಾರಣ ಕೇಳಿ, ಹೊಸ ಸಾಕ್ಷಿ ಸೇರಿಸಿ, ಇನ್ನೊಂದು ಬಾಗಿಲಿಗೆ ಹಾಕಿ. ಒಂದೇ ಸಲ ಎರಡು ಮೂರು ಕಡೆ ಅರ್ಜಿ ಹಾಕುವುದು ತಪ್ಪಲ್ಲ. ಆದರೆ ಎಲ್ಲರಿಗೂ ಅದನ್ನು ಹೇಳಿಬಿಡಿ. ಈ ಸಂಸ್ಥೆಗಳು ಒಂದರ ಜೊತೆ ಒಂದು ಮಾತಾಡುತ್ತವೆ.

ಬಂದ ಮೇಲೆ

ಕರೆಸಿದವರಿಗೆ ಮೊದಲು. ಸ್ಟೇಷನ್ನಿಗೆ ನೀವೇ ಹೋಗಿ. ಸಿಮ್ ಕಾರ್ಡ್ ಕೈಯಲ್ಲಿರಲಿ. ಮನೆಯಲ್ಲಿ ಅಕ್ಕಿ, ಬೇಳೆ, ಹಾಲು, ಚಹಾ ಪುಡಿ ಇಟ್ಟಿರಿ. ಮೊದಲ ತಿಂಗಳ ಹಣ ಬ್ಯಾಂಕ್ ಖಾತೆ ತೆರೆಯುವವರೆಗೆ ಬರುವುದಿಲ್ಲ, ಹಾಗಾಗಿ ಕೈಗೆ ಸ್ವಲ್ಪ ನಗದು ಕೊಡುವ ವ್ಯವಸ್ಥೆ ಮಾಡಿ. ಅವರನ್ನು ಕೇಳದೆ ಹೆಸರು, ಫೋಟೋ ವಿಭಾಗದ ಜಾಲತಾಣಕ್ಕೆ ಹಾಕಬೇಡಿ. ಊರಿನಲ್ಲಿ ಅಪ್ಪ ಅಮ್ಮ ಇನ್ನೂ ಇರುತ್ತಾರೆ. ಮೊದಲ ವಾರವೇ ಭಾಷಣಕ್ಕೆ ಕರೆಯಬೇಡಿ. ಎಲ್ಲರೂ ಅವರ ಕಷ್ಟವನ್ನೇ ಕೇಳುತ್ತಾರೆ. ನೀವು ಅವರ ಸಂಶೋಧನೆ ಬಗ್ಗೆ ಕೇಳಿ.

ಬಂದವರಿಗೆ. ಮೊದಲ ಎರಡು ತಿಂಗಳು ಏನೂ ಬರೆಯಲಾಗದಿದ್ದರೆ ಗಾಬರಿ ಬೇಡ. ನಿದ್ದೆ ಬಾರದಿದ್ದರೆ ಡಾಕ್ಟರಿಗೆ ಹೇಳಿ, ವಿಮೆ ಅದಕ್ಕೂ ಇದೆ. ಊರಿನಲ್ಲಿ ಉಳಿದವರ ನೆನಪಿನಿಂದ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಬಹುತೇಕ ಎಲ್ಲರಿಗೂ ಅನ್ನಿಸುತ್ತದೆ. ಆ ದೇಶದ ಭಾಷೆಯ ತರಗತಿಗೆ ಮೊದಲ ತಿಂಗಳೇ ಸೇರಿ.

ಆರನೇ ತಿಂಗಳಿಗೆ ಮುಂದಿನದನ್ನು ಹುಡುಕಲು ಶುರು ಮಾಡಿ. ಎರಡು ವರ್ಷ ಉದ್ದ ಅನ್ನಿಸುತ್ತದೆ, ಆದರೆ ಕೆಲಸದ ಅರ್ಜಿಗಳಿಗೇ ಒಂದು ವರ್ಷ ಬೇಕು. ಕೊನೆಯ ಮೂರು ತಿಂಗಳಲ್ಲಿ ಎಚ್ಚರಾದವರಿಗೆ ನಾನು ಏನೂ ಮಾಡಲಾಗಲಿಲ್ಲ. ನಮ್ಮ ಉಪನ್ಯಾಸಕಿ ಇದನ್ನು ನನಗಿಂತ ಚೆನ್ನಾಗಿ ತಿಳಿದಿದ್ದರು. ಬಂದ ಮರುವಾರವೇ ಅವರು ಕೇಳಿದ್ದು ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಸ್ಕ್ಯಾನರ್ ಎಲ್ಲಿದೆ ಅಂತ. ಚೀಲದ ತಳದಿಂದ ಆ ಪದವಿ ಪತ್ರ ತೆಗೆದು, ಎರಡೂ ಬದಿ ಮಾಡಿಸಿ, ಒಂದು ಪ್ರತಿಯನ್ನು ನನ್ನ ಬಳಿ ಇಡಲು ಕೊಟ್ಟರು.